ರೋಜರ್ ದೊರೆಯ ಪಲೆರ್ಮೊ: ಗ್ರೀಕ್ ಚಿನ್ನ, ಅರಬ್ ಮರಗೆಲಸ, ನಾರ್ಮನ್ ಸಿಂಹಾಸನ

(ವಾಸ್ತುಶಿಲ್ಪದಲ್ಲಿ ಆಸಕ್ತಿ ಇರುವ ಗೆಳೆಯರ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಕಟ್ಟಡಗಳ ಬಗ್ಗೆ. ಆದರೆ ಮೊದಲು ಒಂದು ಸಮಾಧಿ ಕಲ್ಲು ತೋರಿಸುತ್ತೇನೆ. ಪಲೆರ್ಮೊ ಅಂದರೆ ಇಟಲಿಯ ತುದಿಯಲ್ಲಿರುವ ಸಿಸಿಲಿ ದ್ವೀಪದ ರಾಜಧಾನಿ. ಅಲ್ಲಿ ಗ್ರಿಸಾಂತೊ ಎಂಬ ಪಾದ್ರಿ ಇದ್ದ. ರೋಜರ್ ದೊರೆಯ ಆಸ್ಥಾನದ ಪಾದ್ರಿ. 1148ರಲ್ಲಿ ಅವನ ತಾಯಿ ಅನ್ನಾ ತೀರಿಕೊಂಡಳು. ಮರುವರ್ಷ ಮಗ ಆಕೆಗೆ ಒಂದು ಅಮೃತಶಿಲೆಯ ಫಲಕ ಕೆತ್ತಿಸಿದ. ಫಲಕದ ನಡುವೆ ಶಿಲುಬೆ. ಅದರ ಸುತ್ತ ನಾಲ್ಕು ಬರಹಗಳು. ಒಂದು ಲ್ಯಾಟಿನ್, ಒಂದು ಗ್ರೀಕ್, ಒಂದು ಅರಬ್ಬಿ. ನಾಲ್ಕನೆಯದೂ ಅರಬ್ಬಿ ಭಾಷೆಯೇ, ಆದರೆ ಬರೆದಿರುವುದು ಹೀಬ್ರೂ ಲಿಪಿಯಲ್ಲಿ. ನಾಲ್ಕೂ ಬರಹಗಳಲ್ಲಿ ಇಸವಿಯನ್ನು ಆಯಾ ಜನರ ಪಂಚಾಂಗದ ಪ್ರಕಾರವೇ ಕೊಟ್ಟಿದ್ದಾರೆ.

ಆ ತಾಯಿ ಮನೆಯಲ್ಲಿ ನಾಲ್ಕು ಭಾಷೆ ಆಡುತ್ತಿದ್ದಳು ಅಂತ ಇದರ ಅರ್ಥವಲ್ಲ. ನಾಲ್ಕು ಬಗೆಯ ಜನ ನೋಡಬೇಕು, ಓದಬೇಕು ಅಂತ ಮಗನಿಗೆ ಅನ್ನಿಸಿತ್ತು. ಈ ರೀತಿ ಅವನು ಕಲಿತದ್ದು ತನ್ನ ದೊರೆಯಿಂದ. ಈಗ ನಾವು ನೋಡಲಿರುವ ಚರ್ಚು, ಅರಮನೆಗಳನ್ನು ಹೀಗೇ ಓದಬೇಕು ಅನ್ನುವುದು ನನ್ನ ವಾದ. ಯಾರು ಕಟ್ಟಿಸಿದರು ಅನ್ನುವಷ್ಟೇ ಮುಖ್ಯ, ಯಾರು ನೋಡಲಿ ಅಂತ ಕಟ್ಟಿಸಿದರು ಅನ್ನುವುದು.

ಸ್ವಲ್ಪ ಇತಿಹಾಸ ಬೇಕು, ಬೇಗ ಮುಗಿಸುತ್ತೇನೆ. ಸಿಸಿಲಿ ಬೈಜಾಂಟೈನ್ ಸಾಮ್ರಾಜ್ಯದ ಕೈಯಲ್ಲಿತ್ತು. ಅಂದರೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿ, ಗ್ರೀಕ್ ಭಾಷೆ, ಪೂರ್ವದ ಕ್ರೈಸ್ತ ಪದ್ಧತಿ. 827ರಲ್ಲಿ ಉತ್ತರ ಆಫ್ರಿಕಾದಿಂದ ಅರಬ್ ಸೇನೆ ಬಂದಿಳಿಯಿತು. 831ರಲ್ಲಿ ಪಲೆರ್ಮೊ ಅವರ ವಶವಾಯಿತು. ಪೂರ್ವ ತೀರದ ತಾವೊರ್ಮಿನಾ ಬಿದ್ದದ್ದು 902ರಲ್ಲಿ. ಆಮೇಲೆ ನಾರ್ಮನ್ನರು ಬಂದರು. ಇವರ ಹಿರೀಕರು ವೈಕಿಂಗರು, ಫ್ರಾನ್ಸಿನ ಉತ್ತರದಲ್ಲಿ ನೆಲೆಸಿದವರು. ಕೂಲಿ ಸೈನಿಕರಾಗಿ ದಕ್ಷಿಣ ಇಟಲಿಗೆ ಬಂದವರು ಕೊನೆಗೆ ಅಲ್ಲಿ ಒಡೆಯರೇ ಆದರು. ರಾಬರ್ಟ್ ಗಿಸ್ಕಾರ್ ಮತ್ತು ಅವನ ತಮ್ಮ ರೋಜರ್ 1061ರಲ್ಲಿ ಮೆಸ್ಸಿನಾ ಹಿಡಿದರು, 1072ರಲ್ಲಿ ಪಲೆರ್ಮೊ. ಇಡೀ ದ್ವೀಪ ಕೈಸೇರಲು 1091ರವರೆಗೆ ಕಾಯಬೇಕಾಯಿತು.

ಗೆದ್ದವರ ಸಂಖ್ಯೆ ತೀರಾ ಕಡಿಮೆ. ಆಳಬೇಕಾದ ಜನ ಜಾಸ್ತಿ. ಆ ಜನರಲ್ಲಿ ಅರಬ್ಬಿ ಮಾತಾಡುವ ಮುಸ್ಲಿಮರು, ಗ್ರೀಕ್ ಕ್ರೈಸ್ತರು, ಯಹೂದಿಗಳು. ತೆರಿಗೆಯ ಲೆಕ್ಕ, ಜಮೀನಿನ ಕಡತ ಎಲ್ಲಾ ಅರಬ್ಬಿ ಮತ್ತು ಗ್ರೀಕಿನಲ್ಲಿ. ಅದನ್ನು ಎತ್ತಿ ಬಿಸಾಡಿದರೆ ಆಡಳಿತವೇ ನಿಂತುಹೋಗುತ್ತಿತ್ತು. ಹಾಗಾಗಿ ಗುಮಾಸ್ತರನ್ನೂ ಉಳಿಸಿಕೊಂಡರು, ಕುಶಲಕರ್ಮಿಗಳನ್ನೂ ಉಳಿಸಿಕೊಂಡರು. ಅರಬ್ಬಿ ಅಕ್ಷರ ಇರುವ ಚಿನ್ನದ ನಾಣ್ಯವನ್ನೂ ಮುಂದುವರಿಸಿದರು.

ಈಗ ನಮ್ಮ ಮುಖ್ಯ ವ್ಯಕ್ತಿಗೆ ಬರೋಣ. ಸಿಸಿಲಿ ಗೆದ್ದ ರೋಜರನ ಮಗ, ಎರಡನೇ ರೋಜರ್. ತಂದೆ ಸತ್ತಾಗ ಇನ್ನೂ ಮಗು. ಬೆಳೆದದ್ದು ತಾಯಿಯ ಆಶ್ರಯದಲ್ಲಿ, ಗ್ರೀಕ್ ಮತ್ತು ಅರಬ್ ಅಧಿಕಾರಿಗಳ ನಡುವೆ. 1130ರ ಕ್ರಿಸ್ಮಸ್ ದಿನ ಪಲೆರ್ಮೊದಲ್ಲಿ ಕಿರೀಟ ಧರಿಸಿದ. ಅಲ್ಲಿಯವರೆಗೆ ಸಿಸಿಲಿಗೆ ದೊರೆ ಅನ್ನುವವನೇ ಇರಲಿಲ್ಲ, ಇವನಪ್ಪ ಬರೀ ಕೌಂಟ್. ಕಿರೀಟಕ್ಕೆ ಒಪ್ಪಿಗೆ ಕೊಟ್ಟ ಪೋಪ್ ಯಾರು? ಎರಡನೇ ಅನಾಕ್ಲೇಟಸ್. ರೋಮಿನಲ್ಲಿ ಆಗ ಇಬ್ಬರು ಪೋಪರ ಜಗಳ ನಡೆದಿತ್ತು. ಅದರಲ್ಲಿ ಕೊನೆಗೆ ಸೋತ ಪಕ್ಷದವನು ಇವನು. ಇತ್ತ ಜರ್ಮನಿಯ ಚಕ್ರವರ್ತಿಯೂ ರೋಜರನನ್ನು ಒಪ್ಪಲಿಲ್ಲ, ಅತ್ತ ಬೈಜಾಂಟೈನ್ ಚಕ್ರವರ್ತಿಯೂ ಒಪ್ಪಲಿಲ್ಲ. ಇಂಥವನಿಗೆ ತಾನು ನಿಜವಾದ ದೊರೆ ಅಂತ ಕಣ್ಣಿಗೆ ಕಾಣುವ ಹಾಗೆ ಸಾಬೀತು ಮಾಡುವುದು ತುರ್ತಿನ ಕೆಲಸವಾಗಿತ್ತು. ದೊರೆತನ ಹೇಗಿರಬೇಕು ಎಂದು ಆ ಕಾಲದ ಮೆಡಿಟರೇನಿಯನ್ ಲೋಕಕ್ಕೆ ತೋರಿಸಿಕೊಟ್ಟ ದೊಡ್ಡ ಊರುಗಳು ಎರಡು: ಕಾನ್‌ಸ್ಟಾಂಟಿನೋಪಲ್ ಮತ್ತು ಈಜಿಪ್ಟನ್ನು ಆಳುತ್ತಿದ್ದ ಫಾತಿಮಿ ವಂಶದ ಮುಸ್ಲಿಂ ಖಲೀಫರ ಕೈರೋ. ರೋಜರ್ ಎರಡೂ ಕಡೆಯಿಂದ ತೆಗೆದುಕೊಂಡ.

ಇಷ್ಟು ತಿಳಿದುಕೊಂಡು ಅರಮನೆಯ ಒಳಗಿನ ಪ್ರಾರ್ಥನಾ ಮಂದಿರಕ್ಕೆ ಹೋಗೋಣ. ಇದರ ಹೆಸರು ಕಪೆಲ್ಲಾ ಪಾಲಾತಿನಾ. 1132ರ ಸುಮಾರಿಗೆ ಕೆಲಸ ಶುರುವಾಯಿತು. ದೊರೆ ಇದಕ್ಕೆ ದಾನಪತ್ರ ಕೊಟ್ಟದ್ದು 1140ರಲ್ಲಿ. ಗುಮ್ಮಟದ ಬುಡದ ಗ್ರೀಕ್ ಬರಹದಲ್ಲಿ 1143 ಅಂತ ಇದೆ. ಇಡೀ ಸಿಸಿಲಿಯಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಮಯ ಇದೆ ಅಂದರೆ ನಾನು ನಿಮ್ಮನ್ನು ಇಲ್ಲಿಗೇ ಕಳಿಸುತ್ತೇನೆ.

ಈ ಮಂದಿರವನ್ನು ಎರಡು ಭಾಗವಾಗಿ ನೋಡಿ. ಪೂರ್ವದಲ್ಲಿ ಬಲಿಪೀಠ, ಅದರ ಮುಂದೆ ಗುಮ್ಮಟ. ಪಶ್ಚಿಮದಲ್ಲಿ ಉದ್ದನೆಯ ಸಭಾಂಗಣ, ಎರಡೂ ಬದಿಗೆ ಕಂಬಗಳ ಸಾಲು. ಪೂರ್ವದ ಭಾಗ ಪೂರ್ತಿ ಬೈಜಾಂಟೈನ್. ಗುಮ್ಮಟದಲ್ಲಿ ಕ್ರಿಸ್ತ, ಸುತ್ತ ದೇವದೂತರು, ಕೆಳಗೆ ಪ್ರವಾದಿಗಳು, ಬರಹ ಗ್ರೀಕಿನಲ್ಲಿ. ಎಲ್ಲವೂ ಮೊಸಾಯಿಕ್. ಗಾಜಿನ ಸಣ್ಣ ಸಣ್ಣ ತುಂಡುಗಳನ್ನು ಹಸಿ ಗಾರೆಯಲ್ಲಿ ಕೂರಿಸುವ ಕೆಲಸ ಇದು. ಚಿನ್ನದ ತುಂಡು ಅಂದರೆ ಎರಡು ಪದರ ಗಾಜಿನ ನಡುವೆ ಚಿನ್ನದ ತೆಳು ಹಾಳೆ. ಈ ತುಂಡುಗಳನ್ನು ಒಂದೇ ಮಟ್ಟಕ್ಕೆ ಕೂರಿಸಿಲ್ಲ, ಒಂದೊಂದೂ ಚೂರು ಬೇರೆ ಬೇರೆ ಕಡೆ ವಾಲಿದೆ. ಅದಕ್ಕೇ ನೀವು ಒಂದು ಹೆಜ್ಜೆ ಸರಿದರೂ ಹೊಳಪು ಜಾಗ ಬದಲಾಯಿಸುತ್ತದೆ. ಎಣ್ಣೆದೀಪದ ಬೆಳಕಿನಲ್ಲಿ ಇದು ಹೇಗೆ ಕಂಡಿರಬೇಕು ಅಂತ ಸ್ವಲ್ಪ ಕಲ್ಪಿಸಿಕೊಳ್ಳಿ.

ಈಗ ತಿರುಗಿ ಸಭಾಂಗಣದ ಮೇಲೆ ನೋಡಿ. ಅಲ್ಲಿ ಮರದ ಸೂರು. ಇದು ಸಿಸಿಲಿಯಲ್ಲಿ ನನಗೆ ಅತಿ ಪ್ರೀತಿಯ ವಸ್ತು. ಇದನ್ನು ಮುಕರ್ನಸ್ ಅನ್ನುತ್ತಾರೆ. ಪುಟ್ಟ ಪುಟ್ಟ ಗೂಡುಗಳನ್ನು ಒಂದರ ಮೇಲೊಂದು ಮುಂದೆ ಚಾಚುವಂತೆ ಜೋಡಿಸುತ್ತಾ ಹೋಗುವುದು. ದೂರದಿಂದ ಜೇನುಗೂಡನ್ನು ತಲೆಕೆಳಗು ತೂಗುಹಾಕಿದ ಹಾಗೆ ಕಾಣುತ್ತದೆ. ಇಸ್ಲಾಮಿ ಕಟ್ಟಡಗಳಲ್ಲಿ ಇದನ್ನು ಕಲ್ಲು, ಗಾರೆಯಲ್ಲಿ ಮಾಡಿರುವುದು ಜಾಸ್ತಿ. ಇಲ್ಲಿ ತೆಳುವಾದ ಮರದ ಹಲಗೆಗಳು. ಭಾರ ಹೊರುವ ಕೆಲಸ ಇದಕ್ಕಿಲ್ಲ. ಮೇಲಿನ ನಿಜವಾದ ಮಾಡಿನಿಂದ ಇದನ್ನು ಇಳಿಬಿಟ್ಟಿದ್ದಾರೆ. ನಡುವೆ ಎರಡು ಸಾಲು ಎಂಟು ಮೂಲೆಯ ನಕ್ಷತ್ರಗಳು. ಪ್ರತಿ ಗೂಡಿನ ಒಳಗೂ ಚಿತ್ರ.

ಯಾವ ಚಿತ್ರ ಗೊತ್ತಾ? ಸಂತರಲ್ಲ. ಚಕ್ಕಳಮಕ್ಕಳ ಹಾಕಿ ಕೂತು ಬಟ್ಟಲು ಹಿಡಿದ ದೊರೆ. ವಾದ್ಯ ನುಡಿಸುವವರು, ಕುಣಿಯುವ ಹೆಂಗಸರು, ಚದುರಂಗ ಆಡುವವರು, ಬೇಟೆ, ಸಿಂಹ, ನವಿಲು. ಅಂಚಿನಲ್ಲಿ ಕೂಫಿ ಲಿಪಿಯ ಅರಬ್ಬಿ ಬರಹ, ದೊರೆಗೆ ಜಯವಾಗಲಿ, ಆರೋಗ್ಯ ಇರಲಿ, ಸಿರಿ ಇರಲಿ ಅನ್ನುವ ಹಾರೈಕೆಗಳ ಸರಮಾಲೆ. ಚಿತ್ರಗಳ ಶೈಲಿ ಫಾತಿಮಿ ಕಾಲದ ಈಜಿಪ್ಟಿನ ಚಿತ್ರಗಳಿಗೆ ತುಂಬಾ ಹತ್ತಿರ.

ಚರ್ಚಿನಲ್ಲಿ ಇದೇಕೆ? ಇಲ್ಲೊಂದು ವಿಷಯ ಗಮನಿಸಬೇಕು. ಈಗ ಸಭಾಂಗಣದ ಗೋಡೆಗಳ ಮೇಲೆ ಬೈಬಲ್ ಕಥೆಗಳ ಮೊಸಾಯಿಕ್ ಇದೆ, ಲ್ಯಾಟಿನ್ ಬರಹದ ಜೊತೆ. ಆದರೆ ಅದು ರೋಜರ್ ಸತ್ತ ಮೇಲೆ, ಅವನ ಮಗ ಒಂದನೇ ವಿಲಿಯಂ ಕಾಲದ್ದು. ರೋಜರನ ಕಾಲದಲ್ಲಿ ಸಭಾಂಗಣದ ಪಶ್ಚಿಮದ ತುದಿಯಲ್ಲಿ ಸಿಂಹಾಸನದ ಜಗಲಿ, ಮೇಲೆ ಈ ಸೂರು. ಅಂದರೆ ಪೂರ್ವದ ಅರ್ಧದಲ್ಲಿ ಕ್ರಿಸ್ತನ ಆಸ್ಥಾನ, ಪಶ್ಚಿಮದ ಅರ್ಧದಲ್ಲಿ ದೊರೆಯ ಆಸ್ಥಾನ. ಸಿಂಹಾಸನದ ಮೇಲೆ ಕೂತ ರೋಜರ್ ನೇರ ಎದುರಿಗೆ ಬಲಿಪೀಠ ನೋಡುತ್ತಿದ್ದ. ಅವನನ್ನು ಕಾಣಲು ಬಂದ ಅರಬ್ ಅಧಿಕಾರಿಗೆ ತಲೆ ಎತ್ತಿದರೆ ಕೈರೋದ ದರ್ಬಾರಿನ ಲೋಕ. ಅದೇ ಅಧಿಕಾರಿಯ ಪಕ್ಕ ನಿಂತ ಗ್ರೀಕ್ ಪಾದ್ರಿಗೆ ಎದುರಿಗೆ ಕಾನ್‌ಸ್ಟಾಂಟಿನೋಪಲಿನ ಸ್ವರ್ಗ.

ಹಾಗಾಗಿ ‘ಬೆರಕೆ ಶೈಲಿ’ ಅನ್ನುವಾಗ ನಾನು ಸ್ವಲ್ಪ ತಡೆಯುತ್ತೇನೆ. ಇಲ್ಲಿ ಏನೂ ಕರಗಿ ಒಂದಾಗಿಲ್ಲ. ಒಂದೊಂದು ಕಸುಬಿನವರೂ ತಮ್ಮ ತಮ್ಮ ಕೆಲಸವನ್ನು ತಮ್ಮ ರೀತಿಯಲ್ಲೇ ಪೂರ್ತಿ ಮಾಡಿದ್ದಾರೆ. ಜೋಡಿಸಿದವನು ದೊರೆ. ಬೆಸುಗೆ ಬಚ್ಚಿಡುವ ಪ್ರಯತ್ನವೇ ಇಲ್ಲ. ಬೇರೆ ಬೇರೆ ಅನ್ನುವುದು ಎದ್ದು ಕಾಣಬೇಕು ಅನ್ನುವುದೇ ಉದ್ದೇಶ, ಇಷ್ಟು ಜನರ ಒಡೆಯ ನಾನೊಬ್ಬ ಅಂತ ಹೇಳಲು. ಈ ಮಂದಿರದ ಹೊರಗೋಡೆಯಲ್ಲಿ 1142ರ ಒಂದು ಫಲಕ ಇದೆ. ರೋಜರ್ ಮಾಡಿಸಿದ ನೀರ್ಗಡಿಯಾರದ ಬಗ್ಗೆ. ಅದೂ ಲ್ಯಾಟಿನ್, ಗ್ರೀಕ್, ಅರಬ್ಬಿ, ಮೂರರಲ್ಲೂ.

ಇಷ್ಟು ಹೇಳಿದ ಮೇಲೂ, ಆ ಸೂರಿನ ಕೆಳಗೆ ನಿಂತವರಿಗೆ ರಾಜಕೀಯ ಮರೆತೇ ಹೋಗುತ್ತದೆ. ಆ ಕಾಲದವರಿಗೂ ಹಾಗೇ ಆಗಿತ್ತು. ಫಿಲಗಾಥೋಸ್ ಎಂಬ ಗ್ರೀಕ್ ಸನ್ಯಾಸಿ ಇದೇ ಮಂದಿರದಲ್ಲಿ ರೋಜರನ ಎದುರು ಪ್ರವಚನ ಕೊಟ್ಟ. ಸೂರನ್ನು ನೋಡಿ, ತಿಳಿ ರಾತ್ರಿಯ ನಕ್ಷತ್ರ ತುಂಬಿದ ಆಕಾಶದಂತಿದೆ ಅಂದ. ಕ್ರೈಸ್ತ ಸನ್ಯಾಸಿಗೆ ಆ ಕುಣಿತ, ಆ ಬಟ್ಟಲು ಅಡ್ಡಿ ಅನ್ನಿಸಲಿಲ್ಲ.

ಕಟ್ಟುವ ವಿದ್ಯೆಯ ಒಂದು ಮಾತು. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸುವುದು ಹೇಗೆ? ನಾಲ್ಕು ಮೂಲೆಗಳಲ್ಲಿ ಗುಮ್ಮಟಕ್ಕೆ ಆಸರೆಯೇ ಇರುವುದಿಲ್ಲ ಅಲ್ವಾ? ಕಾನ್‌ಸ್ಟಾಂಟಿನೋಪಲಿನ ದೊಡ್ಡ ಚರ್ಚು ಹಾಗಿಯಾ ಸೋಫಿಯಾದಲ್ಲಿ ಮೂಲೆಗಳಿಂದ ಬಾಗಿದ ತ್ರಿಕೋನಗಳನ್ನು ಎಬ್ಬಿಸಿ ವೃತ್ತಕ್ಕೆ ಸೇರಿಸಿದರು. ಪಲೆರ್ಮೊದಲ್ಲಿ ಬೇರೆ ದಾರಿ. ಮೂಲೆಗೆ ಅಡ್ಡಲಾಗಿ ಪುಟ್ಟ ಕಮಾನು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಮೆಟ್ಟಿಲಿನಂತೆ ಒಳಸರಿಯುತ್ತವೆ. ಚೌಕ ಎಂಟು ಮೂಲೆಯಾಗುತ್ತದೆ. ಎಂಟು ಮೂಲೆಯ ಮೇಲೆ ವೃತ್ತ ಸುಲಭವಾಗಿ ಕೂರುತ್ತದೆ. ಉತ್ತರ ಆಫ್ರಿಕಾದ ಅರಬ್ ಕಟ್ಟಡಗಳಲ್ಲಿ ಬೆಳೆದ ರೀತಿ ಇದು. ಕಪೆಲ್ಲಾ ಪಾಲಾತಿನಾದಲ್ಲಿ ಗ್ರೀಕ್ ಕ್ರಿಸ್ತನನ್ನು ಹೊತ್ತಿರುವುದು ಇಂಥ ಕಮಾನುಗಳೇ. ಚಿನ್ನ ಅವನ್ನು ಮುಚ್ಚಿಬಿಟ್ಟಿದೆ.

ಚಿನ್ನ ಇಲ್ಲದೆ ನೋಡಬೇಕಾದರೆ ಸಾನ್ ಕತಾಲ್ದೊ ಚರ್ಚಿಗೆ ಹೋಗಿ. ಒಂದನೇ ವಿಲಿಯಂನ ಮಂತ್ರಿ, ಬಾರಿ ಊರಿನ ಮಾಯೊ, 1150ರ ದಶಕದಲ್ಲಿ ಕಟ್ಟಿಸಿದ್ದು. 1160ರಲ್ಲಿ ಅವನ ಕೊಲೆಯಾಯಿತು. ಒಳಗಿನ ಗೋಡೆಗಳಿಗೆ ಅಲಂಕಾರ ಬರಲೇ ಇಲ್ಲ. ನಷ್ಟ ಅನ್ನಿಸಬಹುದು, ಆದರೆ ನಮ್ಮಂಥವರಿಗೆ ಇದು ಲಾಭ. ಬರೀ ಕಲ್ಲು, ಮೂರು ಗುಮ್ಮಟ, ಮೂಲೆಯ ಕಮಾನು ಹೇಗೆ ಕೆಲಸ ಮಾಡುತ್ತದೆ ಅಂತ ಬೆರಳಿಟ್ಟು ತೋರಿಸಬಹುದು.

ಅದರ ಪಕ್ಕದಲ್ಲೇ ಮಾರ್ತೊರಾನಾ. ಇದನ್ನು ಕಟ್ಟಿಸಿದವನು ಅಂತಿಯೋಕ್ಯದ ಜಾರ್ಜ್, ರೋಜರನ ನೌಕಾಪಡೆಯ ಮುಖ್ಯಸ್ಥ. ಸಿರಿಯಾ ಕಡೆಯ ಗ್ರೀಕ್ ಕ್ರೈಸ್ತ, ಮೊದಲು ಉತ್ತರ ಆಫ್ರಿಕಾದ ಮುಸ್ಲಿಂ ದೊರೆಗಳ ಬಳಿ ನೌಕರಿಯಲ್ಲಿದ್ದವನು. 1143ರಲ್ಲಿ ಚರ್ಚಿಗೆ ಆಸ್ತಿ ಬರೆದುಕೊಟ್ಟ. ಒಳಗೆ ಒಂದು ಮೊಸಾಯಿಕ್ ಇದೆ: ರೋಜರ್ ತಲೆ ಬಾಗಿ ನಿಂತಿದ್ದಾನೆ, ಕ್ರಿಸ್ತನೇ ಕೈಯಾರೆ ಕಿರೀಟ ಇಡುತ್ತಿದ್ದಾನೆ. ದೊರೆಯ ಉಡುಪು ಬೈಜಾಂಟೈನ್ ಚಕ್ರವರ್ತಿಯದು. ಮೇಲೆ ಬರೆದಿರುವುದು ‘ರೊಗೇರಿಯೊಸ್ ರೆಕ್ಸ್’, ಲ್ಯಾಟಿನ್ ಬಿರುದು, ಗ್ರೀಕ್ ಅಕ್ಷರ. ಪೋಪ್ ಎಲ್ಲಿ? ಎಲ್ಲೂ ಇಲ್ಲ. ಯಾವ ಪೋಪ್ ಕೊಟ್ಟ ಕಿರೀಟ ಅನ್ನುವ ತಕರಾರಿಗೆ ಇದಕ್ಕಿಂತ ಖಡಾಖಂಡಿತ ಉತ್ತರ ಇನ್ನೇನಿದೆ? ಇನ್ನೊಂದು ಮೊಸಾಯಿಕ್‌ನಲ್ಲಿ ಜಾರ್ಜ್ ಮೇರಿಮಾತೆಯ ಪಾದದ ಬಳಿ ಅಡ್ಡಬಿದ್ದಿದ್ದಾನೆ. ಗುಮ್ಮಟದ ಬುಡದ ಮರದ ಪಟ್ಟಿಯಲ್ಲಿ ಗ್ರೀಕ್ ಪ್ರಾರ್ಥನೆಯ ಮಾತುಗಳು, ಅರಬ್ಬಿಯಲ್ಲಿ. ಅರಬ್ಬಿಯಲ್ಲೇ ಪ್ರಾರ್ಥಿಸುವ ಕ್ರೈಸ್ತರೂ ಈ ಲೋಕದಲ್ಲಿ ಇದ್ದರು. ಮುಂಭಾಗ ಆಮೇಲಿನ ಬರೋಕ್ ಕಾಲದ್ದು, ನೋಡಿ ಗಲಿಬಿಲಿ ಆಗಬೇಡಿ. ಇವತ್ತೂ ಅಲ್ಲಿ ಸಿಸಿಲಿಯ ಅಲ್ಬೇನಿಯನ್ ಮೂಲದ ಕ್ರೈಸ್ತರು ಪೂರ್ವದ ಪದ್ಧತಿಯಂತೆ ಪೂಜೆ ಮಾಡುತ್ತಾರೆ.

1184ರ ಕ್ರಿಸ್ಮಸ್‌ಗೆ ಈ ಚರ್ಚು ನೋಡಿದವನು ಇಬ್ನ್ ಜುಬೈರ್. ಸ್ಪೇನಿನ ಮುಸ್ಲಿಂ, ಹಜ್ ಮುಗಿಸಿ ಊರಿಗೆ ಹೋಗುವಾಗ ಮೆಸ್ಸಿನಾ ಬಳಿ ಹಡಗು ಒಡೆದು ಸಿಸಿಲಿಯಲ್ಲಿ ಉಳಿದವನು. ಚರ್ಚಿನ ಚಿನ್ನ, ಬಣ್ಣದ ಕಲ್ಲು, ಗಾಜಿನ ಕಿಟಕಿ ನೋಡಿ ಬೆರಗಾದ. ಇಂಥ ಗೋಪುರದಿಂದ ಬೇಗ ಆಜಾನ್ ಕೇಳಿಸಲಿ ಅಂತ ದೇವರಲ್ಲಿ ಬೇಡಿಕೊಂಡ. ಕ್ರೈಸ್ತ ಹೆಂಗಸರು ಮುಸ್ಲಿಂ ಹೆಂಗಸರ ಹಾಗೆ ಮುಸುಕು ಹಾಕಿ ಚರ್ಚಿಗೆ ಹೊರಟದ್ದನ್ನೂ, ದೊರೆ ಎರಡನೇ ವಿಲಿಯಂ ಅರಬ್ಬಿ ಓದಿ ಬರೆಯುವುದನ್ನೂ ದಾಖಲಿಸಿದ. ಜೊತೆಗೆ ಇನ್ನೊಂದನ್ನೂ ಬರೆದ. ಟ್ರಾಪಾನಿ ಊರಿನ ಒಬ್ಬ ಮುಸ್ಲಿಂ ಗೃಹಸ್ಥ ತನ್ನ ಮಗಳನ್ನು ಯಾತ್ರಿಕರಲ್ಲಿ ಒಬ್ಬರಿಗೆ ಮದುವೆ ಮಾಡಿಕೊಡಲು ಮುಂದೆ ಬಂದ. ಅವಳಾದರೂ ಮುಸ್ಲಿಂ ನಾಡಿಗೆ ಹೋಗಿ ಬದುಕಲಿ ಅಂತ.

ಈ ಮಾತನ್ನು ಬಿಟ್ಟು ಬರೀ ಸೌಹಾರ್ದದ ಕಥೆ ಹೇಳಿದರೆ ಅದು ಆ ಜನರಿಗೆ ಮಾಡುವ ಅನ್ಯಾಯ. ರೋಜರ್ ತಾನೇ 1153ರಲ್ಲಿ ಮಹದಿಯಾದ ಫಿಲಿಪ್ ಎಂಬ ತನ್ನ ನೌಕಾ ಅಧಿಕಾರಿಯನ್ನು, ಗುಟ್ಟಾಗಿ ಮುಸ್ಲಿಂ ಆಗಿದ್ದಾನೆ ಎಂಬ ಆರೋಪದ ಮೇಲೆ ಸುಡಿಸಿದ. 1161ರ ದಂಗೆಯಲ್ಲಿ ಪಲೆರ್ಮೊದ ಮುಸ್ಲಿಮರ ಕೊಲೆಗಳಾದವು. 1189ರಲ್ಲಿ ಎರಡನೇ ವಿಲಿಯಂ ಸತ್ತ ಕೂಡಲೇ ಮತ್ತೆ ಹತ್ಯೆ ನಡೆಯಿತು, ಉಳಿದವರು ಬೆಟ್ಟಕ್ಕೆ ಓಡಿದರು. 1220ರ ದಶಕದಿಂದ ರೋಜರನ ಮೊಮ್ಮಗ ಎರಡನೇ ಫ್ರೆಡ್ರಿಕ್ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಮುಖ್ಯಭೂಮಿಯ ಲುಚೇರಾಕ್ಕೆ ಸಾಗಿಸಿದ. 1300ರಲ್ಲಿ ಆ ಊರನ್ನೂ ಬರಿದು ಮಾಡಿ ಜನರನ್ನು ಗುಲಾಮರಾಗಿ ಮಾರಿದರು. ಕಪೆಲ್ಲಾದ ಸೂರು ಎದ್ದು ಸುಮಾರು 80 ವರ್ಷಕ್ಕೆ, ಅದರ ಮೇಲಿನ ಅಕ್ಷರ ಓದಬಲ್ಲ ಸಮುದಾಯವನ್ನೇ ದ್ವೀಪದಿಂದ ಹೊರಹಾಕಲು ಶುರುಮಾಡಿದ್ದರು. ದೊರೆಯ ಆಸರೆ ಇದ್ದಷ್ಟು ದಿನ ಮಾತ್ರ ಈ ಸಹಬಾಳ್ವೆ. ಊರಿನ ಜನರ ನಡುವೆ ಅದು ಬೇರು ಬಿಡಲಿಲ್ಲ.

ಜೀಸಾ ಅರಮನೆಯಲ್ಲಿ ಇದು ಕಲ್ಲಿನಲ್ಲೇ ಕಾಣುತ್ತದೆ. ಒಂದನೇ ವಿಲಿಯಂ 1165ರ ಸುಮಾರಿಗೆ ಶುರು ಮಾಡಿದ್ದು, ಮಗ ಮುಗಿಸಿದ್ದು. ಬೇಸಿಗೆ ಕಳೆಯುವ ಅರಮನೆ. ನೆಲಮಹಡಿಯ ನಡುವಿನ ಕೋಣೆಯಲ್ಲಿ ಗೋಡೆಯಿಂದ ನೀರು ಚಿಮ್ಮಿ, ಓರೆಯಾಗಿ ಇಟ್ಟ ಅಮೃತಶಿಲೆಯ ಹಲಗೆಯ ಮೇಲೆ ತೆಳ್ಳಗೆ ಹರಿದು, ನೆಲದ ಕಾಲುವೆಯಲ್ಲಿ ಸಾಗಿ ಹೊರಗಿನ ಕೊಳಕ್ಕೆ ಸೇರುತ್ತಿತ್ತು. ಎತ್ತರದ ಕಮಾನುಗಳಿಂದ ಬಂದ ಸಮುದ್ರದ ಗಾಳಿ ಈ ನೀರಿನ ಮೇಲೆ ಹಾದು ತಂಪಾಗುತ್ತಿತ್ತು. ಮೇಲೆ ಮುಕರ್ನಸ್. ದೊರೆ ಕ್ರೈಸ್ತ, ಮನೆ ಪೂರ್ತಿ ಅರಬ್. ಕಟ್ಟಡದ ನೆತ್ತಿಯ ಮೇಲೆ ಸುತ್ತಲೂ ಅರಬ್ಬಿ ಬರಹದ ಪಟ್ಟಿ ಇತ್ತು. ಮುಂದೆ ಯಾರೋ ಕೋಟೆಯ ಹಾಗೆ ತೆನೆ ಬೇಕು ಅಂತ ಆ ಪಟ್ಟಿಯನ್ನೇ ಕತ್ತರಿಸಿ ಹಲ್ಲು ಹಲ್ಲಾಗಿ ಮಾಡಿದರು. ಅಕ್ಷರಗಳು ತುಂಡಾದವು. ಕತ್ತರಿಸಿದವನಿಗೆ ಅದು ಬರೀ ಕಲ್ಲು.

ಮೊನ್ರೆಯಾಲೆ ಬಗ್ಗೆ ಹೇಳದೆ ಮುಗಿಸುವಂತಿಲ್ಲ. ಎರಡನೇ ವಿಲಿಯಂ 1174ರ ಹೊತ್ತಿಗೆ ಪಲೆರ್ಮೊದ ಹೊರಗಿನ ಬೆಟ್ಟದಲ್ಲಿ ಕಟ್ಟಿಸಿದ ಮಹಾಚರ್ಚು. 6,000 ಚದರ ಮೀಟರಿಗೂ ಜಾಸ್ತಿ ಮೊಸಾಯಿಕ್. ಗಾತ್ರದಲ್ಲಿ ಅದ್ಭುತ, ಆದರೆ ನನ್ನ ಮನಸ್ಸು ಕಪೆಲ್ಲಾದ ಕಡೆಗೇ. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸಂತರ ಸಾಲಿನಲ್ಲಿರುವ ಒಂದು ಮುಖ, ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್. 1170ರಲ್ಲಿ ಅವನ ಕೊಲೆಗೆ ಕಾರಣನಾದ ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ. 1177ರಲ್ಲಿ ವಿಲಿಯಂ ಮದುವೆಯಾದದ್ದು ಅದೇ ಹೆನ್ರಿಯ ಮಗಳು ಜೋನ್‌ಳನ್ನು. ಮಠದ ಕೈಸಾಲೆಯಲ್ಲಿ ಜೋಡಿ ಜೋಡಿಯಾಗಿ 228 ಕಂಬಗಳು, ಮೇಲೆ ಅರಬ್ ರೀತಿಯ ಚೂಪು ಕಮಾನು. ಕರಾವಳಿಯ ಚೆಫಲೂ ಚರ್ಚಿನಲ್ಲಿ (1131ರಲ್ಲಿ ಶುರು, ಮೊಸಾಯಿಕ್ 1148) ಉತ್ತರದ ನಾರ್ಮನ್ ಗುಣ ಜಾಸ್ತಿ. ಎದುರಿಗೆ ಎರಡು ದಪ್ಪ ಗೋಪುರ. ಒಳಗೆ ಕ್ರಿಸ್ತನ ಕೈಯ ಪುಸ್ತಕದಲ್ಲಿ ‘ನಾನೇ ಲೋಕಕ್ಕೆ ಬೆಳಕು’, ಒಂದು ಪುಟ ಗ್ರೀಕ್, ಒಂದು ಪುಟ ಲ್ಯಾಟಿನ್. ಅರಬ್ಬಿ ಇಲ್ಲ.

ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಆ ಕೆಂಪು ಗುಮ್ಮಟಗಳು ಅರಬ್ಬರ ಗುರುತಾ? ಸಾನ್ ಕತಾಲ್ದೊ ಮತ್ತು ಸಾನ್ ಜೊವಾನ್ನಿ ದೆಲ್ಯಿ ಎರೆಮೀತಿ ಚರ್ಚುಗಳ ಗುಮ್ಮಟ ಪಲೆರ್ಮೊದ ಎಲ್ಲಾ ಪೋಸ್ಟ್‌ಕಾರ್ಡ್‌ಗಳಲ್ಲೂ ಇರುತ್ತದೆ. ಗುಮ್ಮಟದ ಆಕಾರ ಹಳೆಯದು, ಉತ್ತರ ಆಫ್ರಿಕಾದ ರೀತಿಯದೇ. ಈಗ ಕಾಣುವ ಕೆಂಪು ಬಣ್ಣ ಮಾತ್ರ 19ನೇ ಶತಮಾನದ ಕೊನೆಯ ಜೀರ್ಣೋದ್ಧಾರದಲ್ಲಿ ಬಂದದ್ದು. ಆಗ ಆ ಕೆಲಸ ನೋಡಿಕೊಂಡವರು ಜುಸೆಪ್ಪೆ ಪಾತ್ರಿಕೊಲೊ.

ಇನ್ನೊಬ್ಬರು ಪ್ರವಾಸಕ್ಕೆ ಹೊರಟಿದ್ದರು, ಯಾವ ಕ್ರಮದಲ್ಲಿ ನೋಡಲಿ ಅಂದರು. ಯುನೆಸ್ಕೊ 2015ರಲ್ಲಿ ಈ ಗುಂಪಿನ 9 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಎಲ್ಲವನ್ನೂ ಓಡೋಡಿ ಮುಗಿಸಬೇಡಿ. ಮೊದಲು ಸಾನ್ ಕತಾಲ್ದೊ ನೋಡಿ, ಕಟ್ಟಡದ ಎಲುಬು ಅರ್ಥವಾಗುತ್ತದೆ. ಆಮೇಲೆ ಪಕ್ಕದ ಮಾರ್ತೊರಾನಾ, ಅದೇ ಎಲುಬಿಗೆ ಚಿನ್ನ ಹೊದಿಸಿದರೆ ಹೇಗೆ ಅಂತ ಕಾಣುತ್ತದೆ. ಪಲೆರ್ಮೊ ಊರಿನೊಳಗಿನ ಮಹಾಚರ್ಚಿನ (ಮೊನ್ರೆಯಾಲೆ ಅಲ್ಲ) ದಕ್ಷಿಣದ ಮಂಟಪದಲ್ಲಿ ಎಡಗಡೆಯ ಕಂಬ ನೋಡಿ, ಅದರ ಮೇಲೆ ಕುರಾನಿನ ಸಾಲು ಕೆತ್ತಿದೆ. ಅನ್ನಾಳ ಸಮಾಧಿ ಫಲಕ ಈಗ ಜೀಸಾ ಅರಮನೆಯ ಮ್ಯೂಸಿಯಂನಲ್ಲಿದೆ. ಕಪೆಲ್ಲಾ ಪಾಲಾತಿನಾಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ದುರ್ಬೀನು ಮರೆಯಬೇಡಿ. ಸೂರು ತುಂಬಾ ಎತ್ತರದಲ್ಲಿದೆ. ಚದುರಂಗ ಆಡುವವರು ಬರಿಗಣ್ಣಿಗೆ ಸಿಗುವುದಿಲ್ಲ.